ಗುಡ್ಡದ ಬೆನ್ನಿನಲ್ಲಿ ಕೇಳಿಸಿದ ಸಿದ್ದಣ್ಣ

ಇಂಥ ಅನುಭವ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಮಾಷೆ. ಕಲ್ಲೂರಿನ ನಮ್ಮ ಚಿಕ್ಕಜ್ಜಿ ಒಮ್ಮೆ, ತೀರಿಹೋದ ಗಂಡ ಹಿತ್ತಲಲ್ಲಿ ಕೆಮ್ಮಿದರು ಎಂದಾಗ, ಆ ಕೆಮ್ಮನ್ನೂ ಆಕೆ ಬೆಚ್ಚಿದ್ದನ್ನೂ ಅಣಕಿಸಿ ಮನೆಮಂದಿಯನ್ನೆಲ್ಲ ನಗಿಸಿದವನು ನಾನು. ಆದ್ದರಿಂದ ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಮಾನಂದವಾಡಿಯಿಂದ ಆಚೆಗಿನ ಒಂದು ಬೋಳುಗುಡ್ಡದಿಂದ ನಾವು ಐದಾರು ಮಂದಿ ಪ್ಯಾರಾಗ್ಲೈಡಿಂಗ್ ಮಾಡುತ್ತಿದ್ದೆವು. ಕಲಿಸಿದವನು ಎಚ್.ಡಿ. ಕೋಟೆ ಕಡೆಯ ಸಿದ್ದಣ್ಣ. ಕೆಳಗೆ ನಾವು ಇಳಿಯುವ ಗದ್ದೆಯಲ್ಲಿ ವಾಕಿಟಾಕಿ ಹಿಡಿದು ಕೂರುತ್ತಿದ್ದವಳು ಮಲಯಾಳ ಬೆರೆಸಿ ಮಾತಾಡುವ ದೇವಕ್ಕ. ಹಾರುವುದಕ್ಕಿಂತ ನನಗೆ ಆ ವಾಕಿಟಾಕಿಯ ಮೇಲೇ ಹೆಚ್ಚು ಪ್ರೀತಿ. ಸಿದ್ದಣ್ಣನ ಸ್ವರದಲ್ಲಿ, "ಲೇ, ಕಾಲು ಜೋಡ್ಸೋ, ಹಸೆ ಮ್ಯಾಲೆ ಕೂತ ಮದುವೆ ಗಂಡಿನಂಗೆ ಕೂತಿದೀಯ" ಎಂದು ಗದರಿಸುತ್ತಿದ್ದೆ. ಪಾಪ, ಮೇಲಿದ್ದವರು ಜೋಡಿಸಿಯೂ ಬಿಡುತ್ತಿದ್ದರು.

"ಇದ್ರಲ್ಲಿ ಸುಳ್ಳು ಸ್ವರ ಬಿಡ್ಬೇಡ ಮಗಾ" ಎಂದು ಸಿದ್ದಣ್ಣ ಒಮ್ಮೆ ಹೇಳಿದ್ದ. ಅದನ್ನೂ ಅಂದು ಸಂಜೆ ಚಹಾದಂಗಡಿಯಲ್ಲಿ ಅವನ ಹಾಗೆಯೇ ಹೇಳಿ ತೋರಿಸಿದೆ.

ನಾನು ಹೇಳಹೊರಟ ದಿನ ಅವನು ಹಲ್ಲು ಕೀಳಿಸಲು ಮಾನಂದವಾಡಿಗೆ ಹೋಗಿದ್ದ. ಬೇಸಿಗೆಯ ನಡುಮಧ್ಯಾಹ್ನ ಗಾಳಿ ಕೆಟ್ಟದು, ಹಾರಬೇಡಿ ಎಂದಿದ್ದ. ನಾನು ಹಾರಿದೆ. ಗುಡ್ಡದ ಬೆನ್ನಿಗೆ ತಿರುಗಿದಾಗ ಗದ್ದೆ ಮರೆಯಾಯಿತು. ಕೆಳಗೆ ಚಹಾತೋಟ, ಸಿಲ್ವರ್ ಓಕ್ ಮರಗಳು. ಒಂದು ನರಪಿಳ್ಳೆಯೂ ಕಾಣಲಿಲ್ಲ.

ತಲೆಯ ಮೇಲೆ ಯಾರೋ ಟಾರ್ಪಾಲು ಕೊಡವಿದಂತೆ ಸದ್ದಾಯಿತು. ನೋಡಿದರೆ ನನ್ನನ್ನು ಹೊತ್ತ ಬಟ್ಟೆಯ ರೆಕ್ಕೆಯ ಬಲಗಡೆಯ ಅರ್ಧ ಮುದುಡಿ ಚಿಂದಿಯ ಹಾಗೆ ನೇತಾಡುತ್ತಿದೆ. ನಾನು ಬಲಕ್ಕೆ, ಗುಡ್ಡದ ಕಡೆಗೇ ಗಿರ್ರನೆ ತಿರುಗುತ್ತಿದ್ದೆ. ಎರಡೂ ಬ್ರೇಕ್ ಹಗ್ಗಗಳನ್ನು ಸೊಂಟದವರೆಗೆ ಎಳೆದು ಹಿಡಿದೆ. ಹಾಗೆ ಎಳೆದರೆ ಉಳಿದರ್ಧವೂ ಸಾಯುತ್ತದೆಂದು ನೂರು ಸಲ ಕೇಳಿದ್ದೆ. ಕೈಗೆ ಮಾತ್ರ ಅದು ಗೊತ್ತಿರಲಿಲ್ಲ.

ಆಗ ಎದೆಯ ಮೇಲಿನ ವಾಕಿಟಾಕಿಯಲ್ಲಿ ಸಿದ್ದಣ್ಣ ಮಾತಾಡಿದ.

"ಕೈ ಮ್ಯಾಲೆ ಬಿಡು ಮಗಾ. ಎಡಕ್ಕೆ ವಾಲು. ಮೊದ್ಲು ದಾರಿ, ಆಮೇಲೆ ರೆಕ್ಕೆ."

ಬೈಗುಳವಿಲ್ಲ, ಅವಸರವಿಲ್ಲ. ಕೈ ಸಡಿಲಿಸಿದೆ, ಮೈಯೆಲ್ಲ ಎಡಕ್ಕೆ ಹಾಕಿದೆ. ಸುತ್ತುವುದು ನಿಂತಿತು. "ಹ್ಞಾ. ಈಗ ಬಲಗೈ ಒಂದ್ಸಲ ಪೂರಾ ಎಳ್ದು ಬಿಡು." ಎಳೆದು ಬಿಟ್ಟೆ. ಫಟ್ಟೆಂದು ರೆಕ್ಕೆ ಬಿಚ್ಚಿಕೊಂಡಿತು. ಮರಗಳ ತುದಿ ಸವರಿ, ಚಹಾಗಿಡಗಳ ನಡುವೆ ಬಿದ್ದೆ. ಪಾದ ಉಳುಕಿತು, ಜೀವ ಉಳಿಯಿತು.

ವಾಕಿಟಾಕಿಯ ಗುಂಡಿ ಒತ್ತಿ ಕೂಗಿದೆ: "ದೇವಕ್ಕಾ, ಗುಡ್ಡದ ಹಿಂದೆ ಬಿದ್ದಿದೀನಿ. ನಡಿಯಕ್ಕಾಗ್ತಿಲ್ಲ, ಬನ್ನಿ."

ಅತ್ತ ಕಡೆ ಎಲ್ಲರೂ ನಗುತ್ತಿದ್ದರು.

"ಮತಿ ಮೋನೆ, ಸಾಕು!" ಎಂದಳು ದೇವಕ್ಕ. "ಇಷ್ಟೊತ್ತು ಸಿದ್ದಣ್ಣ ಆಯ್ತು. ಈಗ ಅಳ್ತಿರೋದು ಯಾರು? ಇವನ್ಯಾರೋ ಹೊಸಬ."

ಅದು ನಾನೇ ಎಂದು ಎಷ್ಟು ಹೇಳಿದರೂ ನಗು ಹೆಚ್ಚಾಯಿತೇ ಹೊರತು ಯಾರೂ ಏಳಲಿಲ್ಲ. ಅವರಿಗೆ ನನ್ನ ಎಲ್ಲ ಸ್ವರಗಳೂ ಗೊತ್ತಿದ್ದವು, ನನ್ನದೊಂದನ್ನು ಬಿಟ್ಟು. ಬಿಸಿಲು ಇಳಿಯುವವರೆಗೆ ಆ ಗಿಡಗಳ ನಡುವೆ ಒಬ್ಬನೇ ಬಿದ್ದಿದ್ದೆ. ಅಂಥ ಒಂಟಿತನವನ್ನು ಆಕಾಶದಲ್ಲೂ ಕಂಡಿರಲಿಲ್ಲ. ಚಹಾದ ಹೊತ್ತಿಗೂ ನಾನು ಕೀಟಲೆ ಮಾಡಲು ಬರಲಿಲ್ಲವಲ್ಲ ಎಂದು ಅನುಮಾನ ಬಂದ ಮೇಲೆ ಹುಡುಕಿಕೊಂಡು ಬಂದರು.

ಮೇಲೆ ನನಗೆ ಕೇಳಿಸಿದ ಆ ಮಾತುಗಳನ್ನು ಗದ್ದೆಯಲ್ಲಿದ್ದವರೆಲ್ಲ ಒಂದೂ ಬಿಡದೆ ಕೇಳಿದ್ದರು. ಸಿದ್ದಣ್ಣ ಊರಲ್ಲೇ ಇಲ್ಲವಾದ್ದರಿಂದ ಅದು ನನ್ನದೇ ಆಟ ಎಂದುಕೊಂಡಿದ್ದರು. ಸಂಜೆ ಕೆನ್ನೆ ಊದಿಸಿಕೊಂಡು ಬಂದ ಅವನನ್ನೇ ಕೇಳಿದೆ. "ಆ ಹೊತ್ನಲ್ಲಿ ನನ್ ಬಾಯ್ತುಂಬ ಹತ್ತಿ ಇತ್ತು ಕಣೋ. ಸಾಯೋ ಹೊತ್ನಲ್ಲೂ ನನ್ನೇ ಅಣಕಿಸ್ಬೇಕಿತ್ತಾ?" ಎಂದು ಬೈದ.

ಭಯಕ್ಕೆ ನಾನೇ ಅವನ ಸ್ವರದಲ್ಲಿ ಮಾತಾಡಿರಬಹುದು. ಒಪ್ಪುತ್ತೇನೆ, ನನ್ನ ಬಾಯಿಯ ಮೇಲೆ ನನಗೂ ನಂಬಿಕೆಯಿಲ್ಲ. ಆದರೆ ಗುಂಡಿ ಒತ್ತದೆ ಮಾತು ಗದ್ದೆಗೆ ಹೋಗುವುದಿಲ್ಲ, ಮತ್ತು ನನ್ನ ಎರಡೂ ಕೈ ಬ್ರೇಕಿನಲ್ಲಿದ್ದವು.

ಈಗಲೂ ನಾಲ್ಕು ಜನ ಸೇರಿದರೆ ದೇವಕ್ಕ ಬಿಡುವುದಿಲ್ಲ: "ಆವತ್ತಿನ ಸಿದ್ದಣ್ಣನ್ನ ಒಂದ್ಸಲ ಮಾಡೋ. ಅಷ್ಟು ಚೆಂದ ನೀನು ಯಾವತ್ತೂ ಮಾಡಿಲ್ಲ."

ಮಾಡುತ್ತೇನೆ. ಅವಳು ಕಣ್ಣು ಮುಚ್ಚಿ ಕೇಳಿ, "ಊಹೂಂ, ಇದಲ್ಲ" ಎನ್ನುತ್ತಾಳೆ.

ಇದಲ್ಲವೆಂದು ನನಗೂ ಗೊತ್ತು.