ಮೂರನೇ ಕೂ

ಆಗ ನಮ್ಮೂರು ಕೆರೆಕಟ್ಟೆಯಲ್ಲಿ ಫೋನಿಗೆ ಸಿಗ್ನಲ್ ಸಿಗಬೇಕಾದರೆ ಗುಡ್ಡದ ನೆತ್ತಿ ಹತ್ತಬೇಕಿತ್ತು. ಹಾಗಾಗಿ ನಾವು ಒಬ್ಬರನ್ನೊಬ್ಬರು ಕರೆಯುತ್ತಿದ್ದುದು ಕೂ ಹಾಕಿ. ತೋಟದ ಕೂಲಿ ಮುಗಿಸಿ ಗುಡ್ಡದ ಓರೆಯಲ್ಲಿದ್ದ ಮನೆ ಮುಟ್ಟಿದ ಅಮ್ಮ ಅಂಗಳದ ತುದಿಯಲ್ಲಿ ನಿಂತು "ಕೂ..." ಎಂದರೆ, ನಾನು ಎಲ್ಲಿದ್ದರೂ "ಕೂ..." ಎನ್ನಬೇಕು. ಮೂರು ಸಲಕ್ಕೂ ಓಗೊಡದಿದ್ದರೆ ಏನೋ ಆಗಿದೆ ಎಂದೇ ಅರ್ಥ. ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಹುಡುಕಿಕೊಂಡು ಓಡಬೇಕು. ಮನೆಯಲ್ಲಿ ಇದ್ದವರು ನಾವಿಬ್ಬರೇ. ಪಕ್ಕದ ಮನೆ ಅನ್ನುವುದು ಅರ್ಧ ಮೈಲಿ ದೂರ. ರಜೆ ಬಂತೆಂದರೆ ನನಗೆ ಮಾತಿಗೆ ನಾಯಿಯೇ ಗತಿ.

ಅಂಥ ಒಂದು ಬೇಸಿಗೆ ರಜೆಯಲ್ಲಿ ನಂದಿನಿ ಮೈಸೂರಿನಿಂದ ಅಜ್ಜಿಮನೆಗೆ ಬಂದಳು. ಅವಳ ಚೀಲದಲ್ಲಿ ಇಪ್ಪತ್ತು ಮುಖದ ಒಂದು ದಾಳ ಇತ್ತು. ಅವಳು ಕಥೆ ಹೇಳುವುದು, ನಾವು ಆ ಕಥೆಯೊಳಗಿನ ಜನರಾಗಿ ಏನು ಮಾಡುತ್ತೇವೆಂದು ಹೇಳುವುದು, ಅದು ಕೈಗೂಡಿತೋ ಇಲ್ಲವೋ ದಾಳ ತೀರ್ಮಾನಿಸುವುದು; ದೊಡ್ಡ ಅಂಕಿ ಬಿದ್ದರೆ ಗೆದ್ದಂತೆ. ಆಟ ಅಂದರೆ ಅಷ್ಟೇ. ಬಸ್ ತಂಗುದಾಣದ ಸಿಮೆಂಟ್ ಕಟ್ಟೆಯ ಮೇಲೆ ಇದ್ದಿಲಿನಿಂದ ಕಾಡು, ಕಣಿವೆ ಬರೆದಳು. ಹಲಸಿನ ಬೀಜಗಳೇ ರಕ್ಕಸರ ಸೈನ್ಯ. ಅಂಗಡಿಯವರ ಮಗ ಸುಧೀರ ಕತ್ತಿವೀರ. ನಾನು ಮಿಂಚುಳ್ಳಿ ಎಂಬ ಗೂಢಚಾರಿಣಿ.

ಕೊನೆಯ ಎರಡು ದಿನ ಪೂರ್ತಿ ಹೊಂಚಿನ ಯೋಜನೆಗೇ ಹೋಯಿತು. ಸೆರೆಸಿಕ್ಕ ರಾಣಿಯನ್ನು ರಕ್ಕಸರು ಕಣಿವೆಯ ದಾರಿಯಲ್ಲಿ ಸಾಗಿಸುತ್ತಾರೆ, ಅಲ್ಲೇ ಬಿಡಿಸಿಕೊಳ್ಳಬೇಕು. ಸುಧೀರನಿಗೆ ಮರದಿಂದ ಧುಮುಕುವ ಹುಚ್ಚು.

"ಮರ ಹತ್ತಿದ್ರೆ ಕೆಂಜಿಗ ಕಚ್ದೆ ಬಿಡ್ತಾವಾ ಮಾರಾಯ? ಮೊದ್ಲು ಗಾಳಿ ಯಾವ ಕಡೆಯಿಂದ ಅಂತ ನೋಡು. ಒಣಗಿದ ದರಗೆಲೆ ಗುಡ್ಸಿ ಹೆಜ್ಜೆ ಇಡೋಕೆ ಜಾಗ ಮಾಡ್ಕಳಣ" ಎಂದೆ.

"ನಿಂಗೆ ಇದೆಲ್ಲ ಹೇಗೆ ಗೊತ್ತು?" ನಂದಿನಿ ಕಣ್ಣರಳಿಸಿದಳು.

"ಕೊಟ್ಟಿಗೆಗೆ ದಿನಾ ದರಗು ತರೋಳು ಯಾರು ಮತ್ತೆ?"

ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ನನ್ನ ಮಾತನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು. ಆ ಸಂಭ್ರಮದಲ್ಲಿ ಅವತ್ತು ಊಟವೂ ಬೇಕೆನಿಸಲಿಲ್ಲ.

ನಂದಿನಿಯ ನಿಯಮ ಒಂದೇ. "ಹೊಂಚು ಕೂತ ಮೇಲೆ ಯಾರೂ ಬಾಯಿ ಬಿಡಬಾರ್ದು. ಏನೇ ಸದ್ದು ಮಾಡಿದ್ರೂ ರಕ್ಕಸರಿಗೆ ಕೇಳ್ತು ಅಂತಲೇ." ನಾನು ಸದ್ದು ಮಾಡಿ ಅವರಿಗೆ ಕೇಳಿದರೆ ಮಿಂಚುಳ್ಳಿ ಸಾಯುತ್ತಾಳೆ. ಸತ್ತವರು ಆಟದಿಂದ ಹೊರಗೆ. ಮರುದಿನ ಬೆಳಗ್ಗೆ ನಂದಿನಿಗೆ ಬಸ್ಸು. ನನಗೆ ಮತ್ತೆ ಅದೇ ನಾಯಿ.

ಹಲಸಿನ ಬೀಜಗಳು ಒಂದೊಂದಾಗಿ ಕಣಿವೆಗೆ ಇಳಿಯುತ್ತಿದ್ದವು. ಆಗ ಗುಡ್ಡದ ಮೇಲಿಂದ ಅಮ್ಮನ ಕೂ ಬಂತು.

ಸುಧೀರ ನನ್ನ ಮುಖ ನೋಡಿದ. ಅದರ ಅರ್ಥ ಅವನಿಗೂ ಗೊತ್ತು. ನಂದಿನಿಗೆ ಗೊತ್ತಿರಲಿಲ್ಲ, ಬೀಜ ಸರಿಸುತ್ತಲೇ ಇದ್ದಳು. ಎರಡನೇ ಕೂ ಬಂದಾಗ ಇನ್ನು ನಾಲ್ಕೇ ಬೀಜ ಉಳಿದಿದ್ದವು. ಮೂರನೆಯದು ಬಹಳ ಉದ್ದವಾಗಿತ್ತು, ಕೊನೆಗೆ ದನಿ ಒಡೆಯಿತು. ನಾನು ತುಟಿ ಕಚ್ಚಿಕೊಂಡು ದಾಳ ಉರುಳಿಸಿದೆ. ಹತ್ತೊಂಬತ್ತು! ರಾಣಿ ಬಿಡುಗಡೆಯಾದಳು. ಮೂವರೂ ಕುಣಿದೆವು.

ಕುಣಿದು ಸುಸ್ತಾಗಿ ಕೂತಿದ್ದಾಗ ಅಮ್ಮ ಓಡಿ ಬಂದಳು. ಕೈಯಲ್ಲಿ ಕತ್ತಿ, ಬರಿಗಾಲು, ಹಿಮ್ಮಡಿಯಿಂದ ರಕ್ತ. ನನ್ನನ್ನು ನೋಡಿದಳು, ಕಟ್ಟೆಯ ಮೇಲಿನ ಬೀಜಗಳನ್ನು ನೋಡಿದಳು, ದಾರಿಯಲ್ಲೇ ಕುಸಿದು ಕೂತಳು.

"ಕೇಳ್ಲಿಲ್ವೇನೇ ಮಾರಾಯ್ತಿ?"

"ಕೇಳ್ತು."

ಇಲ್ಲ ಎನ್ನಬಹುದಿತ್ತು. ಆ ಹಿಮ್ಮಡಿ ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. ಅಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

ನಂದಿನಿ ಹೋದಳು. ಕಾಗದ ಬರೆಯುತ್ತೇನೆ ಅಂದಿದ್ದಳು, ಬರೆಯಲಿಲ್ಲ. ಅಮ್ಮ ಅಂದಿನಿಂದ ಕೂ ಹಾಕಲಿಲ್ಲ; ನಾನು ಮನೆಗೆ ಬಂದಾಗ "ಬಂದ್ಯಾ" ಎನ್ನುತ್ತಿದ್ದಳು, ಅಷ್ಟೇ. ಒಂದು ಸಂಜೆ ತಡೆಯಲಾರದೆ ಗುಡ್ಡದ ಕೆಳಗೆ ನಿಂತು ನಾನೇ ಕೂ ಹಾಕಿದೆ. ಅಮ್ಮ ಮೊದಲನೆಯದಕ್ಕೇ ಓಗೊಟ್ಟಳು.

ಅಮ್ಮ ತೀರಿಹೋಗಿ ಎರಡು ವರ್ಷವಾಯಿತು. ನಾನೀಗ ಕೊಪ್ಪದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಗೋಡೆಗೆ ಗೋಡೆ ತಾಗಿದ ಮನೆಗಳು, ಸಿಗ್ನಲ್ಲಿಗೇನೂ ಕೊರತೆಯಿಲ್ಲ. ಮೊನ್ನೆ ಜ್ವರ ಬಂದು ಎರಡು ದಿನ ಫೋನ್ ಎತ್ತಲಾಗಲಿಲ್ಲ. ಎದ್ದು ನೋಡಿದರೆ ಹನ್ನೊಂದು ಮಿಸ್ಡ್ ಕಾಲ್, ಜೊತೆಗೆ "ಬ್ಯುಸಿ ಇದ್ದೀರಾ ಅನ್ಸುತ್ತೆ" ಎಂಬ ಒಂದು ಮೆಸೇಜು. ಬಾಗಿಲು ತೆರೆದೆ. ಬರಿಗಾಲಲ್ಲಿ ಯಾರೂ ಓಡಿ ಬಂದಿರಲಿಲ್ಲ.