ಹಸಿವು ಇಲ್ಲದವರಿಗೆ ಊಟ ಕಲಿಸಿದವರು

ಈ ತಿಂಗಳು ನಮ್ಮ ಶರೀರಕ್ರಿಯಾ ವಿಭಾಗದಿಂದ ನಿವೃತ್ತರಾಗುತ್ತಿರುವ ಪ್ರಾಧ್ಯಾಪಕಿಯವರನ್ನು ಹೊರಗಿನ ವಿದ್ವಾಂಸರ ಲೋಕವು ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನಿನ ತಜ್ಞೆಯೆಂದು ಗೌರವಿಸುತ್ತದೆ. ವಿದ್ಯಾರ್ಥಿಗಳಾದ ನಾವು ಅವರ ಬೆನ್ನ ಹಿಂದೆ ಅವರನ್ನು 'ಹಸಿವಮ್ಮ' ಎನ್ನುತ್ತಿದ್ದೆವು. ಅದು ಅವರ ಕಿವಿಗೂ ಬಿದ್ದಿತ್ತು. ಒಮ್ಮೆ ಪಾಠ ಮುಗಿಸಿ ಕನ್ನಡಕ ಒರೆಸಿಕೊಳ್ಳುತ್ತಾ, "ಆ ಹೆಸರು ಇಟ್ಟವರು ಯಾರೋ, ಅರ್ಧ ಕ್ಲಾಸಿಗೇ ಎದ್ದು ಹೋದವರಿರಬೇಕು" ಎಂದರು.

ಉಳಿದರ್ಧ ಪಾಠವೇ ಅವರ ಜೀವಮಾನದ ಕೆಲಸ. ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಊಟಕ್ಕೆ ಮೊದಲು ರಕ್ತದಲ್ಲಿ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಆದರೆ ವಿಜ್ಞಾನಿಗಳು ಅದನ್ನು ಮೊದಲು ಗುರುತಿಸಿದ್ದು ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುವ ದೂತನೆಂದು. ಹಸಿವಿನ ಮಾತು ಬಂದದ್ದು ಆಮೇಲೆ. ಜಠರದ ಚಲನೆಯನ್ನು ಅದು ಚುರುಕುಗೊಳಿಸುತ್ತದೆ, ಇನ್ಸುಲಿನ್ ಸ್ರವಿಸುವುದನ್ನು ತಗ್ಗಿಸುತ್ತದೆ, ತಿನ್ನುವುದರಿಂದ ಮೆದುಳಿಗೆ ಸಿಗುವ ಖುಷಿಯಲ್ಲೂ ಅದರ ಕೈವಾಡವಿದೆ. ದಪ್ಪಗಿರುವವರಲ್ಲಿ ಅದು ವಿಪರೀತವಾಗಿರುತ್ತದೆಂದು ನಂಬಿ ಬಂದ ನಮಗೆ, ಅವರಲ್ಲಿ ಅದು ಸಾಮಾನ್ಯವಾಗಿ ಕಡಿಮೆಯೇ, ಉಪವಾಸದಿಂದ ಸೊರಗಿದವರಲ್ಲೇ ಹೆಚ್ಚು ಎಂದು ತೋರಿಸಿಕೊಟ್ಟವರು ಮೇಡಂ. "ಹೊಟ್ಟೆಬಾಕತನದ ಹಾರ್ಮೋನ್ ಅಂದ್ಕೋಬೇಡಿ. ದೇಹ ತನ್ನನ್ನು ತಾನು ಕಾಪಾಡಿಕೊಳ್ಳೋಕೆ ಇಟ್ಟುಕೊಂಡ ಕಾವಲು ಅದು" ಎನ್ನುತ್ತಿದ್ದರು.

ಅವರು ಇಲ್ಲಿಗೆ ಬಂದಾಗ ವಿಭಾಗಕ್ಕೆ ಇದ್ದದ್ದು ಕಪ್ಪೆಯ ಚಿತ್ರಗಳ ಎರಡು ಕಪಾಟು ಮತ್ತು ಆಗಾಗ ನಿಲ್ಲುವ ಒಂದು ಶೀತಕ. ಮೆಟ್ಟಿಲ ಪಕ್ಕದ ಉದ್ದನೆಯ ಕೋಣೆಯನ್ನು ತೆರವು ಮಾಡಿಸಿ, ಕಿಟಕಿಗೆ ಪರದೆ ಹಾಕಿಸಿ, ಅಧ್ಯಯನಕ್ಕೆ ಬಂದವರು ಖಾಲಿ ಹೊಟ್ಟೆಯಲ್ಲಿ ಒರಗಿ ಕೂರಲು ಕುರ್ಚಿಗಳನ್ನು ತರಿಸಿದರು. ಹಸಿದವರ ರಕ್ತ ತೆಗೆಯುವವರೂ ಆ ಕೆಲಸ ಮುಗಿಯುವವರೆಗೆ ಏನೂ ತಿನ್ನಬಾರದೆಂಬ ರೂಢಿ ಅವರದೇ. ಅದನ್ನು ಅವರು ನಿಯಮವೆಂದು ಎಲ್ಲೂ ಬರೆಯಲಿಲ್ಲ. ತಾವು ತಿನ್ನುತ್ತಿರಲಿಲ್ಲ, ಅಷ್ಟೆ. ಎದುರಿಗಿದ್ದವರು ಮಾತಾಡದಿದ್ದರೆ ಆ ಬಿಡುವನ್ನು ತಮ್ಮ ಮಾತಿನಿಂದ ತುಂಬಿಸುವ ಆತುರವೂ ಅವರಿಗಿರಲಿಲ್ಲ. ಸೇರಿದ ಮೊದಲ ವರ್ಷ ಮಾತೇ ಹೊರಡದ ನನ್ನನ್ನು, ಬೇರೆಯವರಂತೆ "ಏನಪ್ಪಾ, ಮೌನವ್ರತವಾ?" ಎಂದು ಕೆಣಕದೆ, ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮಾಡಿದವರು ಅವರೊಬ್ಬರೇ.

ಆ ಗುಣದ ಬೆಲೆ ನನಗೆ ತಿಳಿದದ್ದು ಒಬ್ಬ ದರ್ಜಿಯವರ ವಿಷಯದಲ್ಲಿ. ಕ್ಯಾನ್ಸರ್ ಗಡ್ಡೆಯ ಕಾರಣ ಅವರ ಜಠರವನ್ನು ಪೂರ್ತಿ ತೆಗೆದಿದ್ದರು. ಮುಂದೆ ಔಷಧದ ಚಿಕಿತ್ಸೆ ಆಗಬೇಕಿತ್ತು. ಆದರೆ ತೂಕ ಇಳಿಯುತ್ತಲೇ ಇತ್ತು. ಹೀಗೇ ಇಳಿದರೆ ಔಷಧ ಕೊಡುವಂತಿಲ್ಲ, ಕೊಡದಿದ್ದರೆ ರೋಗ ಮರುಕಳಿಸುವ ಭಯ. ನಮ್ಮ ಅಧ್ಯಯನಕ್ಕೆ ಅವರು ಬಂದದ್ದು ಆ ಹೊತ್ತಿನಲ್ಲಿ.

ಊಟಕ್ಕೆ ಮೊದಲು ಎಲ್ಲರಿಗೂ ಕಾಗದದ ಮೇಲೆ ಒಂದು ಗೆರೆ ತೋರಿಸುತ್ತಿದ್ದೆವು. ಎಡತುದಿಯೆಂದರೆ ಹಸಿವೇ ಇಲ್ಲ, ಬಲತುದಿಯೆಂದರೆ ತಡೆಯಲಾರದ ಹಸಿವು. ನಡುವೆ ತಮ್ಮ ಹಸಿವು ಎಲ್ಲಿದೆಯೋ ಅಲ್ಲಿ ಗುರುತು ಹಾಕಬೇಕು. ದರ್ಜಿಯವರ ರಕ್ತದಲ್ಲಿ ಗ್ರೆಲಿನ್ ಇಲ್ಲವೆನ್ನುವಷ್ಟು ಕಡಿಮೆ. ಗೆರೆಯ ಮೇಲಿನ ಗುರುತು ಮಾತ್ರ ಪ್ರತಿಸಲವೂ ಬಲಕ್ಕೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಹಿಗ್ಗಿ, "ಗ್ರೆಲಿನ್ ಇಲ್ಲದೆಯೂ ಹಸಿವು! ಮೇಡಂ, ಒಳ್ಳೇ ಲೇಖನ ಆಗುತ್ತೆ" ಎಂದರು. ಶಸ್ತ್ರಚಿಕಿತ್ಸಕರು ಅದೇ ಗುರುತನ್ನು ನೋಡಿ ಬೇರೆ ತೀರ್ಮಾನಕ್ಕೆ ಬಂದರು: ಹಸಿವಿದ್ದೂ ತಿನ್ನುತ್ತಿಲ್ಲವೆಂದರೆ ತೊಂದರೆ ಮನಸ್ಸಿನದು, ಅದು ಸರಿಹೋಗುವ ತನಕ ಔಷಧ ಬೇಡ.

ಮೇಡಂ ಎರಡನ್ನೂ ಒಪ್ಪಲಿಲ್ಲ. ದರ್ಜಿಯವರನ್ನೂ ಅವರ ಹೆಂಡತಿಯನ್ನೂ ಕರೆಸಿ ಎದುರು ಕೂರಿಸಿಕೊಂಡರು.

"ಹಟ ಮೇಡಂ, ಬರೀ ಹಟ" ಎಂದರು ಆಕೆ. "ನನ್ನ ಕೈ ಅಡುಗೆ ಇಷ್ಟು ವರ್ಷ ಸೇರ್ತಿತ್ತು, ಈಗ ತಟ್ಟೆ ಮುಂದೆ ಕೂತು ಗೋಡೆ ನೋಡ್ತಾರೆ. ಕೇಳಿದ್ರೆ ಆಮೇಲೆ ತಿಂತೀನಿ ಅಂತಾರೆ. ಆ ಆಮೇಲೆ ಅನ್ನೋದು ಬರೋದೇ ಇಲ್ಲ."

"ಶುರುವಾಯ್ತು ನೋಡಿ" ಎಂದು ದರ್ಜಿಯವರು ನಕ್ಕರು.

ಮೇಡಂ ನಗಲಿಲ್ಲ. "ನಿಮಗೆ ಕೊನೇ ಸಲ ಹೊಟ್ಟೆ ಹಸಿದದ್ದು ಯಾವಾಗ?" ಎಂದು ಕೇಳಿ ಸುಮ್ಮನಾದರು.

ದರ್ಜಿಯವರು ಹೆಂಡತಿಯ ಕಡೆ ನೋಡಿದರು, ತಮ್ಮ ಬೆರಳುಗಳನ್ನು ನೋಡಿಕೊಂಡರು. ನನಗೇ ಏನಾದರೂ ಹೇಳಿಬಿಡೋಣ ಅನ್ನಿಸುವಷ್ಟು ಹೊತ್ತಾಯಿತು. ಮೇಡಂ ಕಾದರು.

"ಆಪರೇಷನ್ ಹಿಂದಿನ ದಿನ" ಎಂದರು ಕೊನೆಗೆ. "ಆಮೇಲೆ ಇಲ್ಲ."

"ಮತ್ತೆ ಗೆರೆ ಮೇಲೆ ಹಾಕಿದ್ದು?"

"ಪಾಪ, ಈ ಹುಡುಗರು ಅವರೂ ತಿನ್ನದೆ ಕೂತಿರ್ತಾರೆ. ಪಕ್ಕದಲ್ಲಿ ಊಟ ತಂದಿಟ್ಟಿರ್ತಾರೆ. ಕರೆದು ಊಟ ಹಾಕೋರ ಮುಂದೆ ಹಸಿವಿಲ್ಲ ಅಂತ ಹೇಳೋದು ಚೆನ್ನಾಗಿರುತ್ತಾ ಮೇಡಂ?"

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ನ ಹತ್ರ ಹೇಳೋಕೇನಾಗಿತ್ರೀ ಧಾಡಿ?"

"ಹೇಳಿದ್ರೆ ನೀನು ಒಲೆ ಹಚ್ಚೋದೇ ಬಿಟ್ಟುಬಿಡ್ತೀಯ ಅಂತ" ಎಂದರು ಅವರು.

ಹಟವೂ ಅಲ್ಲ, ಅಡುಗೆಯ ದೋಷವೂ ಅಲ್ಲ, ಊಟಕ್ಕೆ ಕರೆಯುವ ಹಾರ್ಮೋನೇ ಹೋಗಿದೆ ಎಂದು ಮೇಡಂ ಇಬ್ಬರಿಗೂ ವಿವರಿಸಿದರು. ಹಸಿವಿಗೆ ಕಾಯಬಾರದು, ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ತಿನ್ನಬೇಕು ಎಂದರು. ಗಡಿಯಾರ ನೋಡಿ ತಿನ್ನಲು ಹೇಳಿದರೆ, ಹೊಲಿಯುವಾಗ ಗಡಿಯಾರ ಎಲ್ಲಿ ನೆನಪಿರುತ್ತದೆ ಎಂದು ದರ್ಜಿಯವರು ತಲೆ ಕೆರೆದುಕೊಂಡರು. "ಹೊಲಿಯುವಾಗ ಯಾವುದಕ್ಕೆ ನಿಲ್ಲಿಸಲೇಬೇಕಾಗುತ್ತೆ?" ಎಂದು ಮೇಡಂ ಕೇಳಿದರು. ಯಂತ್ರದ ಕೆಳಗಿನ ಪುಟ್ಟ ಸುರುಳಿಯಲ್ಲಿನ ಬಾಬಿನ್ ದಾರ ಮುಗಿದಾಗ ಎಂದು ಉತ್ತರ ಬಂತು. ಅಂದಿನಿಂದ ಬಾಬಿನ್ ದಾರ ಮುಗಿದಾಗಲೆಲ್ಲ ನಾಲ್ಕು ತುತ್ತು. ಹೆಂಡತಿ ಹೊಲಿಗೆ ಯಂತ್ರದ ಪಕ್ಕದಲ್ಲೇ ಡಬ್ಬಿ ಇಡತೊಡಗಿದರು. ಮೇಡಂ ತಾವೇ ಶಸ್ತ್ರಚಿಕಿತ್ಸಕರ ಕೋಣೆಗೆ ಹೋಗಿ, ಆ ಗುರುತುಗಳು ಸೌಜನ್ಯಕ್ಕೆ ಹಾಕಿದವು, ನಮ್ಮ ವಿಧಾನವೇ ತಪ್ಪಿತ್ತು ಎಂದು ಒಪ್ಪಿಕೊಂಡು, ಸ್ವಲ್ಪ ಕಾಲಾವಕಾಶ ಕೇಳಿ ಬಂದರು. ಲೇಖನ ಕೈತಪ್ಪಿತು, ಸಹೋದ್ಯೋಗಿಯವರು ಕೆಲವು ದಿನ ಮುಖ ಊದಿಸಿಕೊಂಡಿದ್ದರು. ತೂಕ ಇಳಿಯುವುದು ನಿಂತಿತು, ಔಷಧ ಶುರುವಾಯಿತು, ಮುಗಿಯಿತು. ಆಮೇಲೆ ಊಟದ ತಟ್ಟೆ ಒಳಗೆ ಬರುವ ಮೊದಲೇ ಗೆರೆ ತೋರಿಸುವುದು ನಮ್ಮ ವಿಭಾಗದ ಪದ್ಧತಿಯಾಯಿತು.

ಈ ಲೇಖನಕ್ಕಾಗಿ ದರ್ಜಿಯವರ ಅಂಗಡಿಗೆ ಹೋಗಿ, ಈಗಲಾದರೂ ಹಸಿವಾಗುತ್ತದೆಯೇ ಎಂದು ಕೇಳಿದೆ. ಅವರು ಹೊಲಿಗೆ ನಿಲ್ಲಿಸಿ, ಪಕ್ಕದಲ್ಲಿದ್ದ ಹೆಂಡತಿಯ ಕಡೆ ನೋಡಿದರು. "ಇಲ್ಲಪ್ಪ. ಆದರೆ ಇವಳು ಊಟಕ್ಕೆ ಕೂತಾಗ ಜೊತೆಗೆ ಕೂರ್ತೀನಿ" ಎಂದರು.

ನಿವೃತ್ತಿಯ ನಂತರ ಶಸ್ತ್ರಚಿಕಿತ್ಸಾ ವಿಭಾಗದ ಹೊರರೋಗಿಗಳ ಬೆಂಚಿನಲ್ಲಿ ವಾರಕ್ಕೊಂದು ದಿನ ಕೂರಲು ಮೇಡಂ ಅನುಮತಿ ಪಡೆದಿದ್ದಾರೆಂದು ಕೇಳಿದೆ. ಆ ಬೆಂಚಿನಲ್ಲಿ ಸೌಜನ್ಯಕ್ಕಾಗಿ ಸುಮ್ಮನಿರುವವರು ಇನ್ನೂ ಬಹಳ ಜನರಿದ್ದಾರೆ. ಅವರೆಲ್ಲರ ಪಕ್ಕದಲ್ಲಿ ಕೂತು, ಕೇಳಿ, ಉತ್ತರ ಬರುವ ತನಕ ಕಾಯುವಷ್ಟು ಆಯುಸ್ಸನ್ನೂ ಆರೋಗ್ಯವನ್ನೂ ಅವರಿಗೆ ಮನಸಾರೆ ಹಾರೈಸುತ್ತೇನೆ.