ಸಂಬಳ ಕೇಳುವ ಅಕ್ಕ

ನಮ್ಮ ಬೀದಿಯಲ್ಲಿ ಎಲ್ಲರೂ ಅವಳನ್ನು ಸರ್ವೇ ಅಕ್ಕ ಎನ್ನುತ್ತಾರೆ. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಒಂದೇ. ಅಂಕಿಅಂಶ ಕಚೇರಿಯ ಕಂಪ್ಯೂಟರು ಆರಿಸಿ ಕೊಟ್ಟ ಮನೆಗಳ ಬಾಗಿಲು ತಟ್ಟಿ, "ಏನು ಕೆಲಸ ಮಾಡ್ತೀರಿ? ತಿಂಗಳಿಗೆ ಎಷ್ಟು ಬರುತ್ತೆ?" ಎಂದು ಕೇಳಿ ಬರೆದುಕೊಳ್ಳುವುದು. ಯಾವ ಕಸುಬಿನವರು ಎಷ್ಟು ದುಡಿಯುತ್ತಾರೆ ಎಂಬ ಪಟ್ಟಿ ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿ ಬರುತ್ತದಲ್ಲ, ಅದಕ್ಕಾಗಿ ಸವೆದದ್ದು ಅವಳ ಚಪ್ಪಲಿ.

ಜನ ತಮ್ಮ ಕಾಯಿಲೆಗಳನ್ನು ಕೇಳದೆಯೇ ಹೇಳುತ್ತಾರೆ. ಸಂಬಳ ಕೇಳಿದರೆ ಮಾತ್ರ ಗಂಟಲು ಸರಿಮಾಡಿಕೊಳ್ಳುತ್ತಾರೆ. ಹಲ್ಲಿನ ವೈದ್ಯರೊಬ್ಬರು "ಪೂರಾ ನಷ್ಟ ಕಣಮ್ಮ" ಎಂದು ನಿಟ್ಟುಸಿರಿಟ್ಟು, ಅವಳು ಹೊರಗೆ ಹೋಗಲೆಂದು ತಮ್ಮ ಮೂರನೇ ಕಾರನ್ನು ಪಕ್ಕಕ್ಕೆ ಸರಿಸಿದ್ದರು. ಕ್ಷೌರಿಕನೊಬ್ಬ "ಹೆಂಡತಿಗೆ ಹೇಳಿರೋದು ಬೇಕಾ, ನಿಜವಾದ್ದು ಬೇಕಾ?" ಎಂದಿದ್ದ. ಕ್ರೇನ್ ಓಡಿಸುವವನು ಮಾತ್ರ ಎದೆಯುಬ್ಬಿಸಿ ಎಷ್ಟು ಗಟ್ಟಿಯಾಗಿ ಹೇಳಿದನೆಂದರೆ ಮೇಲಿನ ಮಹಡಿಯಿಂದ ಯಾರೋ "ಹಾಗಾದ್ರೆ ಮೆಟ್ಟಿಲಿಗೊಂದು ಬಲ್ಬಾದ್ರೂ ಹಾಕ್ಸಯ್ಯ!" ಎಂದು ಕೂಗಿದರು.

ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಕೆಲಸಕ್ಕೆ ಸೇರಿದ ದಿನವೇ ಸಹಿ ಹಾಕಿದ್ದಳು. ಅರ್ಧ ಊರಿನ ಸಂಬಳ ಅವಳ ಹೊಟ್ಟೆಯಲ್ಲಿತ್ತು. ಒಂದಕ್ಷರವೂ ಬಾಯಿಗೆ ಬಂದಿರಲಿಲ್ಲ.

ಅವಳ ಗಂಡ ಟೈಲ್ಸ್ ಹಾಕುವವನು. ತಂಗಿಯ ಗಂಡ ಸಾಫ್ಟ್‌ವೇರ್ ಇಂಜಿನಿಯರ್. ಅವಳಮ್ಮನ ಮನೆಯಲ್ಲಿ ಈ ಇಬ್ಬರು ಷಡ್ಡಕರಿಗೆ ವ್ಯಾಕರಣವೇ ಬೇರೆ ಬೇರೆ. "ನಮ್ಮ ಇಂಜಿನಿಯರು ಬಂದ್ರು, ಕುರ್ಚಿ ಹಾಕು" ಎನ್ನುತ್ತಿದ್ದ ಅಮ್ಮ ಅದೇ ಉಸಿರಿನಲ್ಲಿ "ಓ, ಇವನೂ ಬಂದ" ಎನ್ನುತ್ತಿದ್ದಳು.

ಈ ವರ್ಷದ ಪಟ್ಟಿಯಲ್ಲಿ ತಂಗಿಯ ಮನೆಯೇ ಬಂತು. ನೆಂಟರ ಮನೆ, ಬೇರೆಯವರನ್ನು ಕಳಿಸಿ ಎಂದು ಸಾಹೇಬರಿಗೆ ಹೇಳಿದಳು. "ಕಂಪ್ಯೂಟರಿಗೆ ನೆಂಟಸ್ತನ ಗೊತ್ತಿಲ್ಲಮ್ಮ. ಉಳಿದ ಇಬ್ಬರೂ ರಜೆ ಹಾಕಿದ್ದಾರೆ. ನೀವೇ ಹೋಗಿ."

ತಂಗಿ ಬಟಾಣಿ ಸುಲಿಯುತ್ತ ಕೂತಿದ್ದಳು. ಇಂಜಿನಿಯರು ಹೆಂಡತಿಯ ಕಡೆ ಒಮ್ಮೆ ನೋಡಿ, "ತೊಂಬತ್ತು ಸಾವಿರ ಅತ್ತಿಗೆ" ಎಂದ. ಬರೆದುಕೊಂಡು ಕೆಳಗೆ ಬಂದಳು. ಬೈಕುಗಳ ಸಾಲು ದಾಟುವಷ್ಟರಲ್ಲಿ ಅವನು ಏದುಸಿರು ಬಿಡುತ್ತ ಓಡಿಬಂದ. ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಹೆಂಡತಿಯದು.

"ಅತ್ತಿಗೆ, ಅದನ್ನ ಹೊಡೆದುಹಾಕಿ. ಐವತ್ತೆರಡು ಅಂತ ಬರೀರಿ."

"ಮೆಟ್ಟಿಲಿಳಿಯೋಷ್ಟ್ರಲ್ಲಿ ಮೂವತ್ತೆಂಟು ಸಾವಿರ ಎಲ್ಲಿ ಬಿದ್ದುಹೋಯ್ತು?"

ಅವನು ಬೈಕೊಂದರ ಸೀಟಿನ ಮೇಲೆ ಕುಸಿದು ಕೂತ. ಮದುವೆಯ ಹೊತ್ತಿಗೆ ಹೇಳಿದ ಸಂಖ್ಯೆಯಲ್ಲಿ ಬೋನಸ್ಸೂ ಸೇರಿತ್ತು. ಅದು ಬರಲೇ ಇಲ್ಲ. ಆಮೇಲೆ ಕಂಪನಿ ಸಂಬಳ ಏರಿಸಲೂ ಇಲ್ಲ. "ಆದ್ರೆ ಪ್ರತಿ ವರ್ಷ ಅತ್ತೆ ಕೇಳ್ತಾರಲ್ಲ, ಎಷ್ಟು ಜಾಸ್ತಿ ಆಯ್ತು ಅಂತ? ಕಂಪನಿ ಕೊಡದ ಇಂಕ್ರಿಮೆಂಟನ್ನ ನಾನೇ ಕೊಟ್ಕೊಂಡು ಬಂದೆ."

"ಮತ್ತೆ ಈಗ್ಯಾಕೆ ನಿಜ ಹೇಳ್ತಿದ್ದೀರಿ?"

"ಸರ್ಕಾರಕ್ಕೆ ಸುಳ್ಳು ಹೇಳೋಕೆ ಭಯ ಅತ್ತಿಗೆ. ಮನೆಯವರಿಗಾದ್ರೆ ಅಭ್ಯಾಸ ಆಗಿದೆ."

ಸರ್ವೇ ಅಕ್ಕ ತಿದ್ದಿ ಬರೆದಳು. ದಾರಿಯುದ್ದಕ್ಕೂ ನಗು ಬರುತ್ತಿತ್ತು, ಜೊತೆಗೆ ಅಯ್ಯೋ ಪಾಪ ಎಂದೂ ಅನ್ನಿಸುತ್ತಿತ್ತು. ಕೆಲಸ ಚೆನ್ನಾಗಿದ್ದ ತಿಂಗಳು ತನ್ನ ಗಂಡ ಎಷ್ಟು ತರುತ್ತಾನೆಂದು ಅವಳಿಗೆ ಗೊತ್ತಿತ್ತು.

ಆ ಭಾನುವಾರ ಅಮ್ಮನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಅಮ್ಮ ದೊಡ್ಡ ಅಳಿಯನ ಕಡೆ ತಿರುಗಿದಳು. "ಹೀಗೆ ಎಷ್ಟು ದಿನ ನೆಲದ ಮೇಲೆ ತೆವಳ್ತೀಯ? ಇವರ ಹತ್ರ ಒಂಚೂರು ಕಂಪ್ಯೂಟರ್ ಕಲಿಬಾರ್ದಾ?"

ಸರ್ವೇ ಅಕ್ಕನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಗಂಡ ಮಾತ್ರ ತನ್ನ ದಪ್ಪನೆಯ, ಒಡೆದ ಬೆರಳುಗಳನ್ನು ನೋಡಿಕೊಂಡು, "ಕಲಿಬೋದು ಅತ್ತೆ. ಆದ್ರೆ ಒಂದ್ಸಲ ಒತ್ತಿದ್ರೆ ನಾಲ್ಕು ಅಕ್ಷರ ಬೀಳ್ತವೆ" ಎಂದ.

ಇಂಜಿನಿಯರು ಚಡಪಡಿಸಿದ. "ಭಾವ, ಒಂದು ಸ್ನಾನದ ಮನೆಗೆ ಎಷ್ಟು ತಗೋತೀರಿ?"

"ಹನ್ನೆರಡು ಸಾವಿರ. ಒಳ್ಳೆ ತಿಂಗಳಾದ್ರೆ ಆರು ಮುಗಿಸ್ತೀನಿ. ಕೂಲಿಯವರಿಗೆ ಕೊಟ್ಟು ಅರವತ್ತು ಉಳಿಯುತ್ತೆ."

ಇಂಜಿನಿಯರು ಚಮಚ ಕೆಳಗಿಟ್ಟ. "ಅತ್ತೆ, ಭಾವ ನನಗಿಂತ ಜಾಸ್ತಿ ದುಡೀತಾರೆ. ನನ್ನದು ಐವತ್ತೆರಡೇ."

ಅಮ್ಮನ ಕಣ್ಣು ತುಂಬಿ ಬಂತು. "ನೋಡಿದ್ರಾ ಇವರ ದೊಡ್ಡತನಾನ! ಅವನ ಮನಸ್ಸು ನೋಯಬಾರದು ಅಂತ ತಮ್ಮ ಸಂಬಳಾನೇ ಕಮ್ಮಿ ಮಾಡ್ಕೊಂಡ್ರು!"

"ಇಲ್ಲ ಅತ್ತೆ, ನಿಜವಾಗ್ಲೂ..."

"ಗೊತ್ತು, ಗೊತ್ತು. ಇನ್ನೂ ಸ್ವಲ್ಪ ಹಾಕಿಸ್ಕೊಳ್ಳಿ."

"ಅತ್ತಿಗೆ, ನೀವಾದ್ರೂ ಹೇಳಿ!" ಎಂದು ಅವನು ಗೋಗರೆದ.

"ನಾನು ಹೇಳೋ ಹಾಗಿಲ್ಲ" ಎಂದು ಸರ್ವೇ ಅಕ್ಕ ತಟ್ಟೆಯ ಮೇಲೆ ತಲೆ ಬಗ್ಗಿಸಿದಳು.

ಕೊನೆಗೆ ಅವನು ಹೆದರುತ್ತ ಹೆಂಡತಿಯ ಮುಖ ನೋಡಿದ. ಅವಳು ಆರಾಮವಾಗಿ ಅನ್ನ ಕಲಸುತ್ತಿದ್ದಳು. "ಬ್ಯಾಂಕಿನ ಮೆಸೇಜು ಮೂರು ವರ್ಷದಿಂದ ನನ್ನ ಫೋನಿಗೂ ಬರ್ತಿದೆ ಕಣ್ರೀ. ನೀವಾಗೇ ಯಾವಾಗ ಹೇಳ್ತೀರಿ ಅಂತ ಕಾಯ್ತಿದ್ದೆ." ಅವನ ಮುಖ ಕೆಂಪಾಗಿ, ಆಮೇಲೆ ಸಡಿಲವಾಯಿತು. ಎಷ್ಟೋ ದಿನದಿಂದ ಹಸಿದವನಂತೆ ಊಟ ಮಾಡಿದ.

ನಾಲ್ಕು ತಿಂಗಳಿಗೆ ಪಟ್ಟಿ ಪತ್ರಿಕೆಯಲ್ಲಿ ಬಂತು. ಸಾಫ್ಟ್‌ವೇರಿನವರು ಮೇಲಿನ ಸಾಲಿನಲ್ಲಿ, ಟೈಲ್ಸಿನವರು ಎಷ್ಟೋ ಕೆಳಗೆ. ಗಂಡ ಎರಡೆರಡು ಸಲ ಓದಿ, "ಇದೇನೇ, ನಾನು ಇಷ್ಟು ಕಮ್ಮಿನಾ?" ಎಂದ.

"ಅದು ಸರಾಸರಿ. ಸಾಫ್ಟ್‌ವೇರಲ್ಲಿ ಲಕ್ಷಗಟ್ಟಲೆ ತಗೊಳ್ಳೋರನ್ನೂ ಸೇರಿಸಿ ಭಾಗಿಸಿದ್ದಾರೆ."

"ಅಂದ್ರೆ ಷಡ್ಡಕರ ಪಾಲನ್ನ ಇನ್ಯಾರೋ ತಿಂತಿದ್ದಾರೆ ಅನ್ನು."

"ಹೂಂ. ನಿಮ್ಮಂಥವರಿಗೆ ಕೆಲಸವೇ ಇಲ್ಲದ ಮೂರು ತಿಂಗಳೂ ಟೈಲ್ಸಿನವರ ಲೆಕ್ಕದಲ್ಲಿ ಸೇರಿವೆ. ಮಂಡಿ ಊದಿ ಹದಿನೈದು ದಿನ ಮಲಗಿದ್ರಲ್ಲ, ಅದಕ್ಕೆ ಯಾರು ಸಂಬಳ ಕೊಟ್ರು? ಅವರಿಗೆ ಜ್ವರ ಬಂದ್ರೂ ಸಂಬಳ ಬರುತ್ತೆ."

ಅವನು ಪತ್ರಿಕೆ ಮಡಿಸಿಟ್ಟು ಮಂಡಿ ಸವರಿಕೊಂಡ. ಮರುವಾರ ಅವಳೇ ಬಲವಂತ ಮಾಡಿ ಮೂಳೆ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಮಂಡಿ ಮಡಿಸಿ, ಬಿಡಿಸಿ, ಕಟಕಟ ಸದ್ದಿಗೆ ಕಿವಿಗೊಟ್ಟು, "ಏನು ಕೆಲಸ ಮಾಡ್ತೀರಿ?" ಎಂದರು.

"ಟೈಲ್ಸ್ ಹಾಕ್ತೀನಿ ಸಾರ್."

ಡಾಕ್ಟರ ಮುಖ ಅರಳಿತು. "ಅಯ್ಯೋ, ಎರಡು ತಿಂಗಳಿಂದ ಹುಡುಕ್ತಿದ್ದೀನಿ, ಒಬ್ಬರೂ ಸಿಗ್ತಿಲ್ಲ! ನಮ್ಮನೆ ಸ್ನಾನದ ಮನೇಲಿ ಟೈಲ್ಸೆಲ್ಲ ಎದ್ದಿದೆ. ಯಾವಾಗ ಬರ್ತೀರಿ?"

"ಅದು ನಿಮ್ಮ ಕೈಯಲ್ಲೇ ಇದೆ ಸಾರ್" ಎಂದು ಅವನು ಮಂಡಿ ಮುಂದೆ ಚಾಚಿದ.